ತಾಂಪೆರೆಯಲ್ಲಿ ಅತ್ತೆಯ ಕರಡಿಗೆ

ಶುಕ್ರವಾರ: ಕಂಬದ ಮೇಲಿನ ಕುಲಾಯಿ

ನಮ್ಮ ಅತ್ತೆಗೆ ವಿಜ್ಞಾನ ಕಥೆ ಎಂದರೇನು ಎಂದು ತಿಳಿಸಿ ಹೇಳುವಷ್ಟರಲ್ಲಿ ನಾವು ಮೂರು ವಿಮಾನ ಹತ್ತಿ ಇಳಿದಾಗಿತ್ತು. ಇನ್ನೂ ಆಗದೇ ಇರುವುದನ್ನು ಆಗಿದೆ ಅನ್ನುವ ಹಾಗೆ ಬರೆಯುವುದು ಎಂದೆ ಕೊನೆಗೆ. ಹಾಗಾದರೆ ನನ್ನ ಮಗ ದಿನಾ ಅಂಗಡಿಯಿಂದ ಫೋನು ಮಾಡಿ ‘ಈಗ ಬಂದೆ, ತಾಟು ಹಾಕ್ರಿ’ ಅನ್ನುವುದೂ ಅದೇ ಏನು ಎಂದು ಕೇಳಿದರು. ಅದೇ ಎಂದೆ. 

ನಾನು ಮೂಡಲಗಿಯವಳು, ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬಿಡುವಾದಾಗ ಕಥೆ ಬರೆಯುವ ಚಟ. ನನ್ನ ತವರೂರು ಮಮದಾಪುರದ ಕಬ್ಬಿನ ಹೊಲದಲ್ಲಿ ಬೇರೆ ಲೋಕದವರು ಬಂದು ಇಳಿಯುತ್ತಾರೆ. ಊರವರು ಅವರನ್ನು ಕಬ್ಬು ಕಡಿಯುವ ಗ್ಯಾಂಗಿನವರೆಂದು ತಿಳಿದು ಬುತ್ತಿ ಕಟ್ಟಿ ಕೈಗೆ ಕುಡುಗೋಲು ಕೊಡುತ್ತಾರೆ. ಇಂಥದೊಂದು ಕಥೆ ಹೇಗೋ ಇಂಗ್ಲಿಷಿಗೆ ಹೋಗಿ, ಫಿನ್ಲೆಂಡ್ ದೇಶದ ತಾಂಪೆರೆ ಎಂಬ ಊರಿನ ವಿಜ್ಞಾನ ಕಥಾಪ್ರಿಯರ ಕಣ್ಣಿಗೆ ಬಿತ್ತು. ಬೇಸಿಗೆಯಲ್ಲಿ ಅವರೆಲ್ಲ ಒಂದು ವಾರಾಂತ್ಯದಲ್ಲಿ ಕೂಡಿ, ವೇಷ ಹಾಕಿ, ವಾದ ಮಾಡಿ, ಕಾಫಿ ಕುಡಿದು ಹೋಗುತ್ತಾರಂತೆ. ನೀವೂ ಬಂದು ನಾಲ್ಕು ಮಾತಾಡಿ ಎಂದು ಕರೆ ಬಂತು. ಜೊತೆಗೆ ಗಂಡ ಬರಬೇಕಿತ್ತು. ಆದರೆ ಬಿತ್ತಿಗೆಯ ಕಾಲ, ಅವರದು ಬೀಜ ಗೊಬ್ಬರದ ಅಂಗಡಿ; ಆ ದಿನಗಳಲ್ಲಿ ಅವರಿಗೆ ಉಸಿರಾಡಲಿಕ್ಕೂ ಪುರಸೊತ್ತಿಲ್ಲ. ಹೆಂಗಸು ಒಬ್ಬಳೇ ಅಷ್ಟು ದೂರ ಹೇಗೆ ಎಂದು ಮನೆಯಲ್ಲಿ ಮಾತು ಬೆಳೆಯುತ್ತಿರುವಾಗ ಅತ್ತೆ ಅಡುಗೆ ಮನೆಯಿಂದಲೇ ತೀರ್ಪು ಕೊಟ್ಟರು. “ಆಕಿ ಜೋಡಿ ನಾ ಹೋಗತೇನಿ.” ಮಗಳ ಬಾಣಂತನಕ್ಕೆ ಮಸ್ಕತ್‌ಗೆ ಹೋಗಿ ಬಂದ ಪಾಸ್‌ಪೋರ್ಟ್ ಅವರ ಟ್ರಂಕಿನಲ್ಲಿ ಇನ್ನೂ ಜೀವಂತವಾಗಿತ್ತು.

ಅತ್ತೆ ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಎಡ ಅಂಗೈಯಲ್ಲಿ ಲಿಂಗವಿಟ್ಟು, ಅದನ್ನೇ ದಿಟ್ಟಿಸಿ ಮಾಡುವ ಪೂಜೆಯಾಗದೆ ಬೆಳಗ್ಗೆ ನೀರು ಮುಟ್ಟುವವರಲ್ಲ, ಸಂಜೆ ಉಣ್ಣುವವರಲ್ಲ. ಅವರ ಇಷ್ಟಲಿಂಗ ಕೋಳಿ ಮೊಟ್ಟೆಯಷ್ಟು ದೊಡ್ಡ ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರಕ್ಕೆ ಕಟ್ಟಿಕೊಂಡು, ಸದಾ ಎದೆಯ ಮೇಲೆ. ಅದನ್ನು ಮನೆಯವರಾದ ನಾವೂ ಮುಟ್ಟುವುದಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಬಿಚ್ಚಿ ಟ್ರೇಯಲ್ಲಿಡಿ ಎಂದಾಗ ಅವರು ಎದೆಗೆ ಕೈ ಒತ್ತಿಕೊಂಡು ನಿಂತುಬಿಟ್ಟರು. ಹಿಂದೆ ಸಾಲು, ಮುಂದೆ ಪೊಲೀಸರು.  ಒಬ್ಬ ಅಧಿಕಾರಿಣಿ ಪರದೆಯ ಹಿಂದೆ ಕರೆದೊಯ್ದು, ಅತ್ತೆಯೇ ತೆರೆದು ತೋರಿಸಿದ ಮೇಲೆ, ಮುಟ್ಟದೆ ಬಗ್ಗಿ ನೋಡಿ ಬಿಟ್ಟಳು. ಈ ಪ್ರವಾಸದ ಕಂಟಕ ಇಷ್ಟಕ್ಕೇ ಮುಗಿಯಿತೆಂದು ನಾನು ಆಗ ಅಂದುಕೊಂಡೆ.

ತಾಂಪೆರೆ ನೋಡಿದಾಗ ನನಗೆ ಗೋಕಾಕ ಫಾಲ್ಸ್ ನೆನಪಾಯಿತು. ಊರ ನಡುವೆ ಹೊಳೆ ಧುಮುಕುತ್ತದೆ, ಅದರ ದಂಡೆಗೆ ಇಟ್ಟಂಗಿಯ ಹಳೆಯ ಅರಳೆ ಗಿರಣಿಗಳು. ನೀರಿನ ಜೋರು ಮಾತ್ರ ನಮ್ಮದೇ ಹೆಚ್ಚು ಎಂದು ಅತ್ತೆ ಅಲ್ಲೇ ನಿಂತು ತೀರ್ಮಾನಿಸಿದರು. ಜನ ಮಾತ್ರ ಪೂರಾ ಬೇರೆ. ನಮ್ಮ ಮೂಡಲಗಿಯಲ್ಲಿ ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲಿ ಪಕ್ಕದವರ ಬೀಗರ ಊರು ಯಾವುದೆಂಬುದೂ ತಿಳಿದಿರುತ್ತದೆ. ಇಲ್ಲಿ ಬಸ್ಸಿಗೆ ನಿಂತವರು, ಒಬ್ಬರಿಗೊಬ್ಬರು ಜಗಳವಾಡಿ ಬಂದ ಅಣ್ಣತಮ್ಮಂದಿರ ಹಾಗೆ, ಮಾರು ದೂರ ದೂರ ನಿಲ್ಲುತ್ತಾರೆ.

ಹೋಟೆಲಿನ ದಾರಿಯಲ್ಲಿ ಬೇಲಿಯ ಕಂಬವೊಂದರ ತಲೆಗೆ ಕೂಸಿನ ಕುಲಾಯಿ ಹಾಕಿದ್ದರು. ಕಂಬಕ್ಕೆ ಯಾಕೆ ಕುಲಾಯಿ, ದೃಷ್ಟಿಗೇ ಎಂದು ಅತ್ತೆಯ ಪ್ರಶ್ನೆ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಯೂಹಾ ಎಂಬ ಹುಡುಗನನ್ನು ಕೇಳಿದೆ. ತಾಳೆಮರದಷ್ಟು ಎತ್ತರದವನು, ಮಾತು ಬಹಳ ಕಡಿಮೆ. ಇಲ್ಲಿ ಬಿದ್ದ ಸಾಮಾನನ್ನು ಯಾರೂ ಒಯ್ಯುವುದಿಲ್ಲ, ಕಂಡವರು ಅಲ್ಲೇ ಪಕ್ಕದಲ್ಲಿ ಕಣ್ಣಿಗೆ ಬೀಳುವ ಹಾಗೆ ಎತ್ತಿ ಇಡುತ್ತಾರೆ, ಕಳಕೊಂಡವರು ಅದೇ ದಾರಿಯಲ್ಲಿ ಬಂದೇ ಬರುತ್ತಾರಲ್ಲ ಎಂದ. ಅತ್ತೆಗೆ ಹೇಳಿದೆ. ನಮ್ಮಲ್ಲಾದರೆ ಕಂಬವೂ ಉಳಿಯುತ್ತಿರಲಿಲ್ಲ ಎಂದು ಅವರು ನಕ್ಕರು.

ಸಮ್ಮೇಳನ ನಡೆಯುವುದು ಒಂದು ಹಳೆಯ ಗಿರಣಿಯ ಕಟ್ಟಡದಲ್ಲಿ. ಒಳಗೆ ಹೋಗುವ ಪಡಸಾಲೆಯಲ್ಲೇ ಒಬ್ಬ ಯಂತ್ರಮಾನವ ನಿಂತಿದ್ದ. ಗಿರಣಿಯ ಹಳೆಯ ತಗಡು, ಚಕ್ರ, ಕದಿರು ಕೂಡಿಸಿ ಮಾಡಿದ್ದು, ಬಾಗಿಲಿಗಿಂತ ಎತ್ತರ, ಒಂದು ಕೈ ಮುಂದೆ ಚಾಚಿದ್ದಾನೆ. ಜನ ಅವನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಇಂವ ಊಟಾ ಮಾಡತಾನೇನು?”

“ಇಲ್ಲರಿ ಅತ್ತಿ. ಮಷೀನ್ ಅದು.”

“ಊಟಾನ ಇಲ್ಲಂದ್ರ ಇವನ್ನ ಮಾತಾಡಸೂದರ ಹೆಂಗ?”

ಅದೂ ಖರೆಯೇ. ‘ಊಟ ಆತೇನ್ರಿ’ ಅನ್ನುವುದನ್ನು ಬಿಟ್ಟು ನಮ್ಮ ಕಡೆ ಮಾತು ಶುರುವಾಗುವುದಾದರೂ ಎಲ್ಲಿಂದ?

ಶನಿವಾರ: ಘೋಡಗೇರಿ ಎಂಬ ಲೋಕ

ಮರುದಿನ ಬೆಳಗ್ಗೆ ಅತ್ತೆ ಪೂಜೆ ಮುಗಿಸಿ, ತಂದಿದ್ದ ಖಡಕ್ ರೊಟ್ಟಿ ಶೇಂಗಾ ಚಟ್ನಿ ತಿಂದು ಸಜ್ಜಾದರು. ಅಲ್ಲಿಯವರು ಬೇಸಿಗೆಯೆಂದು ತೋಳಿಲ್ಲದ ಅಂಗಿ ಹಾಕಿದ್ದರೆ, ಅತ್ತೆ ಇಳಕಲ್ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು, ಅದರ ಮೇಲೆ ಸಮ್ಮೇಳನದವರು ಕೊಟ್ಟ ಹೆಸರಿನ ಪಟ್ಟಿ. ಕಾಲಿಗೆ ಮಗ ಕೊಡಿಸಿದ ಲಾಡಿಯ ಬೂಟು. ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವರಿಗೆ ಆ ಲಾಡಿಯದೇ ದೊಡ್ಡ ಕಾಟ.

ಒಳಗೆ ಏನು ನೋಡುವುದು, ಏನು ಬಿಡುವುದು! ರೆಕ್ಕೆಯವಳೊಬ್ಬಳು ಬಾಗಿಲಲ್ಲಿ ಸಿಕ್ಕಿಕೊಂಡು ಅಡ್ಡಡ್ಡ ನುಸುಳುತ್ತಿದ್ದಳು. ನಿನ್ನೆಯ ಯೂಹಾ ಮುಖಕ್ಕೆ ಹಸಿರು ಬಣ್ಣ ಬಳಿದು, ತಲೆಗೆ ಎರಡು ಕೊಂಬು ಸಿಕ್ಕಿಸಿಕೊಂಡು, ಮಾಹಿತಿ ಮೇಜಿನ ಹಿಂದೆ ಗುಮಾಸ್ತನ ಹಾಗೆ ಗಂಭೀರವಾಗಿ ಕೂತಿದ್ದ. ಇಂಥವರ ನಡುವೆ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದ ಅತ್ತೆಯನ್ನು ಯಾರೂ ವಿಚಿತ್ರವೆಂದು ನೋಡಲಿಲ್ಲ. ಒಬ್ಬಳು ಮಾತ್ರ ಬಂದು, ಶಾಲಿನ ಸಂದಿಯಲ್ಲಿ ಹೊಳೆಯುತ್ತಿದ್ದ ಕರಡಿಗೆ ನೋಡಿ, ವೇಷ ಬಹಳ ಚೆಂದ ಮಾಡಿದ್ದೀರಿ, ನೀವು ಯಾವ ಲೋಕದವರು ಎಂದು ಕೇಳಿದಳು. ಅವಳ ಪ್ರಶ್ನೆಯನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. “ಘೋಡಗೇರಿ ಅಂತ ಹೇಳ” ಎಂದರು ಅತ್ತೆ. ಆ ಹುಡುಗಿ ಗೊತ್ತಿದ್ದವಳ ಹಾಗೆ ತಲೆಯಾಡಿಸಿ ಹೋದಳು.

ಮಧ್ಯಾಹ್ನ ನನ್ನ ಮಾತಿತ್ತು. ಇಂಗ್ಲಿಷಿನ ಮಾತು ಕೇಳಿ ನಾನೇನು ಮಾಡಲಿ ಎಂದು ಅತ್ತೆ ಪಡಸಾಲೆಯಲ್ಲಿ ಯಂತ್ರಮಾನವನ ಪಕ್ಕದ ಬೆಂಚಿನ ಮೇಲೆ ಕೂತರು. ನಾನು ಒಳಗೆ ಹೋಗಿ ಕಬ್ಬಿನ ಗ್ಯಾಂಗಿನ ಕಥೆ ಹೇಳಿದೆ. ಅವರು ನಗಬೇಕಾದಲ್ಲಿ ನಗಲಿಲ್ಲ, ಆದರೆ ಮುಗಿದ ಮೇಲೆ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಹಿಗ್ಗಿ ಹೀರೇಕಾಯಿಯಾಗಿ ಹೊರಗೆ ಬಂದಾಗ ಅತ್ತೆ ಆಗಷ್ಟೇ ಬಗ್ಗಿ ಎದ್ದವರ ಹಾಗೆ ಮುಖ ಕೆಂಪಗೆ ಮಾಡಿಕೊಂಡು ಬೂಟಿನ ಲಾಡಿಗೆ ಶಾಪ ಹಾಕುತ್ತಿದ್ದರು. ನನ್ನ ಚಪ್ಪಾಳೆಯ ಸುದ್ದಿ ಹೇಳುವ ಗಡಿಬಿಡಿಯಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರವೇ: ಸಂಜೆ ಎನ್ನಲಾಗದ ಸಂಜೆ

ಆ ದೇಶದಲ್ಲಿ ಬೇಸಿಗೆಯ ಸೂರ್ಯನಿಗೆ ಮನೆಗೆ ಹೋಗುವ ಚಿಂತೆಯೇ ಇಲ್ಲ. ಗಡಿಯಾರ ಸಂಜೆ ಎನ್ನುತ್ತಿದ್ದರೂ ಕಿಟಕಿಯಲ್ಲಿ ನಡುಹಗಲಿನ ಬಿಸಿಲು. ಹೋಟೆಲಿಗೆ ಬಂದು ಅತ್ತೆ ಎಂದಿನಂತೆ ಸಕ್ಕರೆ ರೋಗದ ಗುಳಿಗೆ ನುಂಗಿದರು. ಅವರ ಕ್ರಮವೇ ಹಾಗೆ: ಗುಳಿಗೆ ನುಂಗಿ, ಕೈಕಾಲು ಮುಖ ತೊಳೆದು, ಪೂಜೆ ಮಾಡಿ ಏಳುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ನಾನು ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ. 

“ಸವಿತಾ. ಲಿಂಗ ಇಲ್ಲ.”

ತಿರುಗಿ ನೋಡಿದೆ. ಸ್ವೆಟರು ತೆಗೆದಿದ್ದರು. ಕೊರಳಲ್ಲಿ ಶಿವದಾರ ಇದೆ, ಅದರ ತುದಿಯ ಗಂಟು ಸಡಿಲಾಗಿ ಬಿಚ್ಚಿಕೊಂಡಿದೆ, ಕರಡಿಗೆ ಇಲ್ಲ. ಊರಲ್ಲಾದರೆ ತೆಳ್ಳನೆಯ ಸೀರೆಯ ಮೇಲಿನ ಭಾರ ತಪ್ಪಿದ ಕೂಡಲೇ ತಿಳಿಯುತ್ತಿತ್ತು. ಇಲ್ಲಿ ಶಾಲು, ಸ್ವೆಟರು, ಹೆಸರಿನ ಪಟ್ಟಿಗಳ ನಡುವೆ ದಾರ ಉಣ್ಣೆಗೆ ಅಂಟಿಕೊಂಡು ಇದ್ದಲ್ಲೇ ಇತ್ತು. ಕರಡಿಗೆ ಜಾರಿದ್ದು ಅವರಿಗೆ ಗೊತ್ತೇ ಆಗಿಲ್ಲ.  ಹಾಸಿಗೆ ಝಾಡಿಸಿದೆ, ಚೀಲ ಸುರಿದೆ, ಬಚ್ಚಲಲ್ಲಿ ಮೊಣಕಾಲೂರಿ ಹುಡುಕಿದೆ. ಇರಲಿಲ್ಲ.

ಹೊಟ್ಟೆಯಲ್ಲಿ ಗುಳಿಗೆ ಇದೆ, ಅನ್ನವಿಲ್ಲ. ಹಾಗಾದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಮ್ಮೆ ಬೀಗರ ಮನೆಯಲ್ಲಿ ಪಂಕ್ತಿ ತಡವಾಗಿ ಅತ್ತೆ ಕುಂತಲ್ಲೇ ಮಾತು ತೊದಲಿ ವಾಲಿದ್ದರು. ಸಕ್ಕರೆ ಕಲಸಿದ ನೀರು ತಂದು ಬಾಯಿಗೆ ಹಿಡಿದೆ. ಅವರು ತುಟಿ ಬಿಗಿದುಕೊಂಡರು. ಲಿಂಗವಿಲ್ಲದ ಮೈಗೆ ಹನಿ ನೀರೂ ಸಲ್ಲುವುದಿಲ್ಲ ಎಂಬುದು ಅವರು ಅವ್ವನಿಂದ ಕಲಿತ ಪಾಠ. ನಾನು ಬೇಡಿಕೊಂಡೆ, ಆಮೇಲೆ ಸಿಟ್ಟು ಮಾಡಿದೆ, ಆಮೇಲೆ ಕಣ್ಣೀರು ಹಾಕಿದೆ. ಅವರು ಅಲುಗಲಿಲ್ಲ.

ಊರಿಗೆ ಫೋನು ಹಚ್ಚಿದೆ. ಗಂಡ ಅಂಗಡಿ ಬಿಟ್ಟು ಮಠಕ್ಕೆ ಓಡಿ, ನಾವು ಅಜ್ಜಾರು ಎಂದು ಕರೆಯುವ ಸ್ವಾಮಿಗಳ ಕೈಗೆ ಫೋನು ಕೊಟ್ಟರು. ಸ್ವಾಮಿಗಳು ಬಹಳ ಸಮಾಧಾನದಿಂದ ಹೇಳಿದರು: ಬಂದ ಮೇಲೆ ಹೊಸ ಲಿಂಗ ಕೊಟ್ಟು ದೀಕ್ಷೆ ಮಾಡುತ್ತೇವೆ, ಅಲ್ಲಿಯವರೆಗೆ ಮನಸ್ಸಿನಲ್ಲೇ ಪೂಜೆ ಮಾಡಿ ಉಣ್ಣು ತಾಯಿ, ದೋಷವಿಲ್ಲ. ಅತ್ತೆ ಎರಡೂ ಕೈಯಿಂದ ಫೋನು ಹಿಡಿದು ಕೇಳಿ, ಶರಣು ಅಂದು ನನಗೆ ಕೊಟ್ಟರು.

“ಹೇಳೂದು ಅಜ್ಜಾರ ಧರ್ಮ, ಹೇಳ್ಯಾರ. ನಂದು ನನಗ ಬಿಡು. ನಡಿ, ಹುಡುಕೂಣು.”

ಕೋಣೆಯಲ್ಲೇ ಇರಿ ಎಂದರೆ ಕೇಳಲಿಲ್ಲ. ಕೈ ಹಿಡಿದುಕೊಂಡು, ಬಂದ ದಾರಿಯ ಪ್ರತಿ ಕಲ್ಲು ನೋಡುತ್ತ ಸಮ್ಮೇಳನದ ಕಟ್ಟಡಕ್ಕೆ ನಡೆದೆವು. ತಣ್ಣನೆಯ ಗಾಳಿ ಬೀಸುತ್ತಿದ್ದರೂ ಅತ್ತೆಯ ಅಂಗೈ ಬೆವರುತ್ತಿತ್ತು. ಪಡಸಾಲೆ ದಾಟಿ ನೇರ ಮಾಹಿತಿ ಮೇಜಿಗೆ ಹೋದೆ. ನಮ್ಮಲ್ಲಿ ಕಳೆದದ್ದು ಸಿಕ್ಕಿದರೆ ಗುಡಿಯಲ್ಲಿ ಕೊಡುತ್ತಾರೆ, ಇಲ್ಲವೇ ಊರ ಹಿರಿಯರ ಮನೆಯಲ್ಲಿ. ಅದೇ ರೂಢಿ ನನ್ನನ್ನು ಅಲ್ಲಿಗೆ ಎಳೆಯಿತು.

ಹಸಿರು ಮುಖದ ಯೂಹಾನಿಗೆ ಹೇಳಿದೆ: ಬೆಳ್ಳಿಯದು, ಮೊಟ್ಟೆಯ ಆಕಾರ, ಒಳಗೊಂದು ಕರಿಯ ಕಲ್ಲು. ಅವನು ಬರೆದುಕೊಂಡು, ಯಾವ ಕಥೆಯದು ಎಂದು ಕೇಳಿದ. ಯಾವ ಕಥೆಯದೂ ಅಲ್ಲ, ಇದು ಅವರ ಜೀವ ಎಂದೆ. ಅವನು ಮೆಲ್ಲಗೆ ಹೌದೆಂದು ತಲೆಯಾಡಿಸಿ, ವೇಷಗಳಿಂದ ಉದುರಿದ ಸಾಮಾನಿನ ದೊಡ್ಡ ತಟ್ಟೆ ತಂದಿಟ್ಟ. ಮುರಿದ ಕೊಂಬು, ಅರ್ಧ ಮೀಸೆ, ಗುಂಡಿ ಕಿತ್ತುಹೋದ ಆಟಿಕೆ ಪಿಸ್ತೂಲು, ಬಾಲ. ಅವುಗಳ ನಡುವೆ ಬೆಳ್ಳಿಯ ಮೊಟ್ಟೆಯೊಂದು ಮಿಣ್ಣಗೆ ಹೊಳೆಯಿತು. ಬಸವಾ ಎಂದು ಕೈಯಿಟ್ಟೆ. ಹಗುರ. ಬಣ್ಣ ಬಳಿದ ಪ್ಲಾಸ್ಟಿಕ್ಕು.

ಅಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿ ಕುಸಿದರು. ಬೆರಳು ನಡುಗುತ್ತಿದ್ದವು. ಯೂಹಾ ಯಾರನ್ನೋ ಕರೆದ. ಮೈತುಂಬ ಬೆಳ್ಳಿ ಕವಚ ತೊಟ್ಟ ಹೆಣ್ಣುಮಗಳೊಬ್ಬಳು ಓಡಿ ಬಂದಳು. ವೇಷ ಯೋಧೆಯದು, ಉದ್ಯೋಗದಿಂದ ನರ್ಸು. ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡಿ, ಕಿತ್ತಳೆ ರಸ ಈಗಲೇ ಕುಡಿಯಬೇಕು ಎಂದಳು. ಅತ್ತೆ ಕೈ ಅಡ್ಡ ಹಿಡಿದರು. ನಾನು ಕಾರಣ ಹೇಳಿದೆ. ಅವಳು ವಾದಿಸಲಿಲ್ಲ, ನಗಲೂ ಇಲ್ಲ. ಎಚ್ಚರ ತಪ್ಪಿದರೆ ನಾನು ಇವರ ಮಾತು ಕೇಳುವುದಿಲ್ಲ, ಇದನ್ನು ಅವರಿಗೆ ತಿಳಿಸು ಎಂದಷ್ಟೇ ಹೇಳಿ ಆಂಬುಲೆನ್ಸಿಗೆ ಫೋನು ಮಾಡಲು ಪಕ್ಕಕ್ಕೆ ಸರಿದಳು. ನಾನು ಅವಳ ಮಾತನ್ನು ಅತ್ತೆಗೆ ತಿಳಿಸಿದೆ. ನನ್ನ ಒಂದು ಕಥೆಗಾಗಿ ಇವರನ್ನು ಇಷ್ಟು ದೂರ ತಂದು ಸಾಯಲು ಕೂರಿಸಿದೆನಲ್ಲ ಎಂದು ಅಳು ಬಂತು.

ಅತ್ತೆ ನನ್ನ ಮುಂಗೈ ಹಿಡಿದರು. ಮಾತು ಆಗಲೇ ದಪ್ಪಗಾಗುತ್ತಿತ್ತು.

“ಆ ಕುಲಾಯಿ... ಕಂಬದ ಮ್ಯಾಲ. ಇಲ್ಲಿ ಮಂದಿ ಬಿದ್ದದ್ದನ್ನ ಒಯ್ಯೂದಿಲ್ಲ ಅಂದಿದ್ದಿಲ್ಲ ನೀ? ಬಾಜೂಕ ಎತ್ತಿ ಇಡತಾರ ಅಂದಿ. ನಾ ಬಗ್ಗಿದ್ದು ಒಂದ ಕಡೆ ಸವಿತಾ. ಬೂಟಿನ ಲಾಡಿ ಕಟ್ಟಾಕ.”

ಪಡಸಾಲೆಯ ಬೆಂಚು! ಅವರನ್ನು ತೋಳು ಹಿಡಿದು ಎಬ್ಬಿಸಿದೆ. ಒಂದು ಕಡೆ ನಾನು, ಇನ್ನೊಂದು ಕಡೆ ಕವಚದ ನರ್ಸು, ಹಿಂದೆ ಹಸಿರು ಮುಖದ ಯೂಹಾ. ಬೆಂಚಿನ ಮೇಲೆ ನೋಡಿದೆ, ಕೆಳಗೆ ನೋಡಿದೆ, ಕಿಟಕಿಯ ಕಟ್ಟೆ, ಯಂತ್ರಮಾನವನ ಪಾದ, ಮೊಣಕಾಲಿನ ಚಕ್ರ. ಎಲ್ಲೂ ಇಲ್ಲ. ಕಣ್ಣಿಗೆ ಬೀಳುವ ಹಾಗೆ ಇಡುತ್ತಾರಂತೆ, ಎಲ್ಲಿ ಇಟ್ಟಿದ್ದಾರೆ ಎಂದು ನಾನು ಯೂಹಾನ ಮೇಲೆ ರೇಗಿದೆ.

ಅವನು ತನ್ನ ಕಣ್ಣಿನ ನೇರಕ್ಕೆ ಬೆರಳು ತೋರಿಸಿದ.

ಆ ಜನರ ಕಣ್ಣಳತೆ ನಮ್ಮ ತಲೆಯ ಮೇಲೆ ಇರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕೊಂಕಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಅದರ ಕೆಳಗೇ ಹಾದು ಹೋಗಿದ್ದೆವು. ಯಂತ್ರಮಾನವ ಚಾಚಿದ್ದ ಕೈಯ ಅಂಗೈಯಲ್ಲಿ ಅತ್ತೆಯ ಕರಡಿಗೆ ಕೂತಿತ್ತು. ಬಿದ್ದ ರಭಸಕ್ಕೆ ಮುಚ್ಚಳ ತೆರೆದುಕೊಂಡಿರಬೇಕು. ಎತ್ತಿಟ್ಟ ಪುಣ್ಯಾತ್ಮರು ಯಾರೋ ಎರಡೂ ಹೋಳು ಬಿಡಿಸಿ, ನಡುವೆ ಕರಿಯ ಲಿಂಗವನ್ನು ಜೋಪಾನವಾಗಿ ನಿಲ್ಲಿಸಿದ್ದರು. ಆಗ ನೋಡಿದೆ, ಅವನು ಚಾಚಿದ್ದು ಎಡಗೈ. ತಗಡಿನ ತಲೆ ಸ್ವಲ್ಪ ಬಾಗಿ, ಗಾಜಿನ ಕಣ್ಣೆರಡೂ ಅಂಗೈಯ ಮೇಲೇ ನೆಟ್ಟಿದ್ದವು.

ತೆಗೆ, ಬೇಗ ತೆಗೆ ಎಂದು ಯೂಹಾನಿಗೆ ಕೂಗಿದೆ. ಅವನು ಕೈ ಎತ್ತಿದ. ಅತ್ತೆ ನನ್ನ ಸೆರಗು ಜಗ್ಗಿದರು.

“ತಡಿ ಅನ್ನು ಅವಗ. ಇಂವ ಪೂಜಿಯೊಳಗ ಇದ್ದಾನ. ಮುಗೀಲಿ.”

ನನಗೆ ಮೈಯೆಲ್ಲ ಉರಿಯಿತು. ಜೀವ ಹೋಗುವ ಹೊತ್ತಿನಲ್ಲಿ ಇದೇನು ಹುಚ್ಚು. “ಅತ್ತಿ, ಅದು ತಗಡರಿ.”

“ಇರವಲ್ಲದ್ಯಾಕ. ಕೈಯಾಗ ಲಿಂಗ ಬಂದಮ್ಯಾಲ ನೀ ಯಾರಂತ ಕೇಳಬಾರದು.”

ಯೂಹಾ ನನ್ನ ಮುಖ ನೋಡಿದ. ಅತ್ತೆ ಅಂದದ್ದನ್ನು ಅವನಿಗೆ ಹೇಳಿದೆ. ಅವನು ಎತ್ತಿದ ಕೈ ಇಳಿಸಿ, ತಲೆಯ ಕೊಂಬು ತೆಗೆದು ಹಿಡಿದುಕೊಂಡು ನಿಂತ. ನರ್ಸು ಅತ್ತೆಯ ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ರೆಕ್ಕೆಯವಳು, ಬಾಲದವರು, ಅತ್ತಿತ್ತ ಹೋಗುತ್ತಿದ್ದವರೆಲ್ಲ ಮಾರು ದೂರದಲ್ಲಿ ನಿಂತರು. ಸುಮ್ಮನಿರುವುದನ್ನು ಆ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಎಷ್ಟು ಹೊತ್ತೋ ನನಗೆ ತಿಳಿಯದು. ನಾನು ಅತ್ತೆಯ ತುಟಿಯನ್ನೇ ನೋಡುತ್ತಿದ್ದೆ, ಅವು ಬಿಳಿಚಿಕೊಂಡು ಮೆಲ್ಲಗೆ ಅಲುಗುತ್ತಿದ್ದವು.

ಆಮೇಲೆ ಅತ್ತೆ ಸೆರಗು ಒಡ್ಡಿದರು. ಯೂಹಾ ಯಂತ್ರಮಾನವನ ಬೆನ್ನ ಹಿಂದಿನ ಹಿಡಿಕೆ ತಿರುಗಿಸಿದ. ಎಡಗೈ ಕಿರಗುಟ್ಟುತ್ತ ಕೆಳಗಿಳಿಯಿತು, ಅಂಗೈ ವಾಲಿತು, ಲಿಂಗವೂ ಕರಡಿಗೆಯೂ ಸೆರಗಿಗೆ ಬಂದವು. ಬೆಂಚಿನ ಮೇಲೆ ಕೂತು, ನಡುಗುವ ಎಡಗೈಯನ್ನು ಬಲಗೈಯಿಂದ ಆನಿಸಿಕೊಂಡು, ಅತ್ತೆ ಅಲ್ಲೇ ಪೂಜೆ ಮಾಡಿದರು. ಕಣ್ಣಿಗೊತ್ತಿಕೊಂಡು ತಾವೇ ಕೈ ಚಾಚಿ ಕಿತ್ತಳೆ ರಸ ತೆಗೆದುಕೊಂಡರು. ನಾನು ಗೋಡೆಗೆ ಒರಗಿ, ಬಣ್ಣಬಣ್ಣದ ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅಲ್ಲಿ ಯಾರೂ ಯಾರನ್ನೂ ಮುಟ್ಟಿ ಸಮಾಧಾನ ಮಾಡುವುದಿಲ್ಲ. ಯೂಹಾ ಒಂದು ಲೋಟ ಕಾಫಿ ತಂದು ನನ್ನ ಪಕ್ಕದಲ್ಲಿಟ್ಟು ದೂರ ಸರಿದು ನಿಂತ.

ಆಂಬುಲೆನ್ಸಿನವರು ಬಂದು, ನೋಡಿ, ಕೆಲಸವಿಲ್ಲವೆಂದು ಹೋದರು. ಬಣ್ಣ ತಿರುಗಿ ಬಂದ ಮೇಲೆ ಅತ್ತೆ ನನ್ನ ಚೀಲದಿಂದ ಗೋಕಾಕದ ಕರದಂಟು ಕೇಳಿ ತೆಗೆಸಿದರು. ಎಲ್ಲರಿಗೂ ಒಂದೊಂದು ತುಂಡು ಹಂಚಿ, ಉಳಿದ ಒಂದನ್ನು ಎದ್ದು ಹೋಗಿ ಆ ತಗಡಿನ ಅಂಗೈಯಲ್ಲಿಟ್ಟರು.

ಭಾನುವಾರ: ಬೀಳ್ಕೊಡುಗೆ

ಮರುದಿನ ಶಿವದಾರಕ್ಕೆ ಹೊಸ ಗಂಟು ಬಿತ್ತು. ಹೆಸರಿನ ಪಟ್ಟಿಯನ್ನು ಅತ್ತೆ ಕೊರಳಿಗೆ ಹಾಕಲು ಒಪ್ಪಲಿಲ್ಲ, ಚೀಲಕ್ಕೆ ಕಟ್ಟಿದೆವು. ಕರಡಿಗೆಯನ್ನು ಎತ್ತಿಟ್ಟವರು ಯಾರೆಂದು ಎಷ್ಟು ಕೇಳಿದರೂ ತಿಳಿಯಲಿಲ್ಲ. ಎತ್ತಿಟ್ಟದ್ದನ್ನು ನೆನಪಿಟ್ಟುಕೊಳ್ಳುವುದೂ ಅವರಿಗೆ ದೊಡ್ಡಸ್ತಿಕೆಯಂತೆ ಕಾಣುತ್ತದೋ ಏನೋ.

ಮಧ್ಯಾಹ್ನಕ್ಕೆಲ್ಲ ಸಮ್ಮೇಳನ ಮುಗಿದು, ಜನ ರೆಕ್ಕೆ ಬಾಲ ಕಳಚಿ ಚೀಲಕ್ಕೆ ತುಂಬುತ್ತಿದ್ದರು. ಮುಖ ತೊಳೆದ ಯೂಹಾನನ್ನು ಅತ್ತೆ ಗುರುತಿಸಲೇ ಇಲ್ಲ. ಪಡಸಾಲೆಯಲ್ಲಿ ಇಬ್ಬರು ಏಣಿ ಹಾಕಿಕೊಂಡು ಯಂತ್ರಮಾನವನನ್ನು ಬಿಚ್ಚಲು ತಯಾರಾಗಿದ್ದರು. ಅತ್ತೆ ಅವರನ್ನು ಕೈ ಸನ್ನೆಯಿಂದ ನಿಲ್ಲಿಸಿ, ಅವನ ಹತ್ತಿರ ಹೋಗಿ, ಇಳಿಸಿದ್ದ ಎಡಗೈಯನ್ನು ನೋಡಿದರು. ಕರದಂಟು ಇರಲಿಲ್ಲ. ಅಂಗೈಯ ತಗಡಿಗೆ ಬೆಲ್ಲದ ಅಂಟು ಮಾತ್ರ ಉಳಿದಿತ್ತು.

ಅತ್ತೆಯ ಮುಖ ಅರಳಿತು. ಊರ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಾಗ ಕೇಳುವ ದನಿಯಲ್ಲಿ, ತಲೆಯೆತ್ತಿ ಅವನನ್ನು ಮಾತಾಡಿಸಿದರು.

“ಊಟ ಆತೇನಪಾ?”